ಹೊಸಬರಿಗೆ ಮಾರ್ಗದರ್ಶಿ: ಡಿಗ್ರಿ ಓದುವ ಮಕ್ಕಳಿಗೆ ಸರಕಾರದ ಸ್ಕಾಲರ್‌ಶಿಪ್

ಪುತ್ತೂರು, ಸುಳ್ಯ, ವಿಟ್ಲದ ಕಡೆಯಿಂದ ಕಾಸರಗೋಡಿಗೆ ಮನೆ ಬದಲಿಸಿ ಬಂದವರಿಗೆ ಬಸ್ಸು, ಗ್ಯಾಸು, ಶಾಲೆ ಎಲ್ಲ ಹೇಗೋ ಸರಿಯಾಗುತ್ತದೆ. ತಪ್ಪಿಹೋಗುವುದು ಸ್ಕಾಲರ್‌ಶಿಪ್. ನಮ್ಮ ಮನೆಯಲ್ಲೂ ತಪ್ಪಿತ್ತು. ಅದಕ್ಕೇ ಇದನ್ನು ಉದ್ದಕ್ಕೆ ಬರೆಯುತ್ತಿದ್ದೇನೆ.

ಇದು ಸಾಲ ಅಲ್ಲ. ಯಾರಿಗೂ ವಾಪಸ್ ಕೊಡಬೇಕಾಗಿಲ್ಲ. ಆದರೂ ನಮ್ಮವರು "ತೋಟ ಇದೆಯಲ್ಲ, ನಮಗೆಲ್ಲಿ ಸಿಗುತ್ತದೆ" ಎಂದು ಅರ್ಜಿಯನ್ನೇ ಹಾಕುವುದಿಲ್ಲ. ಅರ್ಧ ಎಕರೆ ಅಡಿಕೆಗೆ ಕೊಳೆರೋಗ ಬಂದ ವರ್ಷ ಕೈಗೆ ಎಷ್ಟು ಉಳಿಯುತ್ತದೆ ಅಂತ ನಿಮಗೇ ಗೊತ್ತು. ಸಂಕೋಚ ಬೇಡ. ಹಾಗೆ ಸುಮ್ನೆ ಕೂತರೆ ನಷ್ಟ ಮಕ್ಕಳಿಗೆ.

ಕೇಂದ್ರ ಸರಕಾರದ್ದು

ಪಿಎಂ-ಯುಎಸ್‌ಪಿ (ಪ್ರಧಾನಮಂತ್ರಿ ಉಚ್ಚತರ ಶಿಕ್ಷಾ ಪ್ರೋತ್ಸಾಹನ್) ಎನ್ನುತ್ತಾರೆ. ಮನೆಯ ವರ್ಷದ ಆದಾಯ 4.5 ಲಕ್ಷ ರೂಪಾಯಿ ಮೀರಬಾರದು. ಹನ್ನೆರಡನೇ ಕ್ಲಾಸಿನಲ್ಲಿ ತಮ್ಮ ಬೋರ್ಡಿನ ಮೇಲಿನ ಶೇ. 20ರೊಳಗೆ ಬಂದಿರಬೇಕು. ಡಿಗ್ರಿಯ ಮೊದಲ ಮೂರು ವರ್ಷ, ವರ್ಷಕ್ಕೆ 12,000 ರೂಪಾಯಿ. ಅರ್ಧದಷ್ಟು ಹೆಣ್ಣುಮಕ್ಕಳಿಗೇ ಮೀಸಲು. ಪಿಯುಸಿಯನ್ನು ಕರ್ನಾಟಕದಲ್ಲಿ ಮುಗಿಸಿ ಇಲ್ಲಿ ಡಿಗ್ರಿ ಸೇರಿದರೂ ತೊಂದರೆ ಇಲ್ಲ, ಪಿಯುಸಿ ಬೋರ್ಡಿನ ಲೆಕ್ಕದಲ್ಲೇ ನೋಡುತ್ತಾರೆ. ಅಂಚೆ ಶಿಕ್ಷಣಕ್ಕೆ ಸಿಗುವುದಿಲ್ಲ. ಅರ್ಜಿ ಹಾಕುವುದು ನ್ಯಾಷನಲ್ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲಿ. ಹಾಕಿದ ಮೇಲೆ ಕಾಲೇಜಿನವರು ಅದನ್ನು ಪರಿಶೀಲಿಸಿ ಮುಂದೆ ಕಳಿಸಬೇಕು. ಕಳಿಸಿದರಾ ಅಂತ ಕೇಳಿ, ಮತ್ತೊಮ್ಮೆ ಕೇಳಿ.

ಕೇರಳದ್ದು

- ಸುವರ್ಣ ಜುಬಿಲಿ ಮೆರಿಟ್: ಬಿಪಿಎಲ್ ಮನೆಯವರಿಗೆ, ವರ್ಷಕ್ಕೆ 10,000.
- ಉನ್ನತ ಶಿಕ್ಷಣ ಪರಿಷತ್ತಿನದು: ಮೂರು ವರ್ಷಕ್ಕೆ ಕ್ರಮವಾಗಿ 12,000, 18,000, 24,000. ಮಾರ್ಕೂ ನೋಡುತ್ತಾರೆ.
- ಇ-ಗ್ರಾಂಟ್ಸ್: ಎಸ್‌ಸಿ, ಎಸ್‌ಟಿ, ಒಇಸಿ (ಇತರ ಅರ್ಹ ಸಮುದಾಯ), ಒಬಿಸಿ ಮಕ್ಕಳಿಗೆ, ಕಾಲೇಜಿನ ಮೂಲಕ.

ಎಸ್‌ಸಿ ಮಕ್ಕಳ ಪೋಸ್ಟ್ ಮೆಟ್ರಿಕ್ (ಹತ್ತನೇ ಕ್ಲಾಸಿನ ನಂತರದ) ಸ್ಕಾಲರ್‌ಶಿಪ್ ದುಡ್ಡು ಕೊಡುವುದು ನೀವು ಯಾವ ರಾಜ್ಯದವರೋ ಆ ರಾಜ್ಯ. ದಾಖಲೆ ಇನ್ನೂ ಕರ್ನಾಟಕದ್ದೇ ಆಗಿದ್ದರೆ ಅಲ್ಲಿನ ಸ್ಕಾಲರ್‌ಶಿಪ್ ಪೋರ್ಟಲ್ ಎಸ್‌ಎಸ್‌ಪಿಯಲ್ಲೇ ಮೊದಲು ವಿಚಾರಿಸಿ.

ವಿಲೇಜ್ ಆಫೀಸ್

ಇಲ್ಲಿ ನಾಡಕಚೇರಿ ಇಲ್ಲ, ಸರ್ಟಿಫಿಕೇಟಿನ ಆರ್‌ಡಿ ನಂಬರೂ ಇಲ್ಲ. ಆದಾಯ ಸರ್ಟಿಫಿಕೇಟಿಗೆ ಅಕ್ಷಯ ಕೇಂದ್ರದಲ್ಲಿ (ಆನ್‌ಲೈನ್ ಅರ್ಜಿ ಹಾಕಿಕೊಡುವ ಸೇವಾಕೇಂದ್ರ) ಅರ್ಜಿ ಹಾಕಬೇಕು, ವಿಲೇಜ್ ಆಫೀಸಿನಿಂದ ಬರುತ್ತದೆ. ಆಧಾರ್, ರೇಷನ್ ಕಾರ್ಡ್, ಜಾಗ ಇದ್ದರೆ ತೀರ್ವೆ (ಭೂ ತೆರಿಗೆ) ರಶೀದಿ ಒಯ್ಯಿರಿ. ಊರಿನಲ್ಲಿ ಐದು ವರ್ಷ ನಡೆಯುತ್ತಿತ್ತು ಅಂತ ಹಳೆಯದನ್ನೇ ಹಿಡಿದುಕೊಂಡಿರಬೇಡಿ. ಇಲ್ಲಿ ಒಂದೇ ವರ್ಷ. ರೇಷನ್ ಕಾರ್ಡಿನ ಬಣ್ಣವೂ ಮುಖ್ಯ: ಹಳದಿ, ಗುಲಾಬಿ ಆದ್ಯತೆಯವರದು, ನೀಲಿ, ಬಿಳಿ ಉಳಿದವರದು.

ಮಲಯಾಳ ಬರುವುದಿಲ್ಲ ಅಂತ ಬಾಗಿಲಲ್ಲೇ ನಿಲ್ಲಬೇಡಿ. ಇಲ್ಲಿ ಕನ್ನಡದಲ್ಲಿ ಅರ್ಜಿ ಬರೆದು ಕೊಡುವುದು ಭಾಷಾ ಅಲ್ಪಸಂಖ್ಯಾತರಾದ ನಮ್ಮ ಹಕ್ಕು. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ ಹಿರಿಯರು ಹೋರಾಡಿ ಉಳಿಸಿಕೊಂಡದ್ದು. ಬಳಸದಿದ್ದರೆ ಹೋಗುತ್ತದೆ.

ಬ್ಯಾಂಕ್ ಖಾತೆ: ದಯವಿಟ್ಟು ಇದನ್ನು ಪೂರ್ತಿ ಓದಿ

ನನ್ನ ಮಗಳಿಗೆ ಮೊದಲ ವರ್ಷದ 12,000 ಮಂಜೂರಾಯಿತು. ಪೋರ್ಟಲ್‌ನಲ್ಲಿ ದುಡ್ಡು ಹೋಗಿದೆ ಅಂತ ತೋರಿಸುತ್ತಿತ್ತು. ಬದಿಯಡ್ಕದ ಖಾತೆಯ ಪಾಸ್‌ಬುಕ್ ಮೂರು ಸಲ ಎಂಟ್ರಿ ಹಾಕಿಸಿದೆವು. ಮೂರು ಸಲವೂ ಹಾಲಿನ ದುಡ್ಡು, ಕರೆಂಟ್ ಬಿಲ್ಲು, ಮತ್ತೇನಿಲ್ಲ. ಕಾಲೇಜಿನಲ್ಲಿ ಕೇಳಿದರೆ ಬ್ಯಾಂಕಿಗೆ ಹೋಗಿ ಅಂದರು, ಬ್ಯಾಂಕಿನಲ್ಲಿ ಕೇಳಿದರೆ ಕಾಲೇಜಿಗೆ. ಕೊನೆಗೆ ಅಕ್ಷಯದ ಹುಡುಗಿಯೊಬ್ಬಳು ಆಧಾರ್ ವೆಬ್‌ಸೈಟ್ ತೆರೆದು, "ಚೇಚಿ, ಇದು ಬೇರೆ ಬ್ಯಾಂಕ್ ಅಲ್ವಾ?" ಅಂದಳು. ಎಂಟನೇ ಕ್ಲಾಸಿನಲ್ಲಿ ಪುತ್ತೂರಿನಲ್ಲಿ ತೆರೆದ ಖಾತೆ. ನಾವು ಮರೆತೇಬಿಟ್ಟಿದ್ದೆವು. ದುಡ್ಡು ಅಲ್ಲಿ ಹೋಗಿ ಕೂತಿತ್ತು, ಖಾತೆ ನಿಂತುಹೋಗಿತ್ತು. ಅದನ್ನು ಮತ್ತೆ ಚಾಲೂ ಮಾಡಿಸುವಷ್ಟರಲ್ಲಿ ಪರೀಕ್ಷೆ ಫೀಸಿನ ದಿನ ಬಂತು. ಬಳೆ ಅಡವಿಟ್ಟು ಕಟ್ಟಿದೆ.

ವಿಷಯ ಇಷ್ಟೇ: ಈ ದುಡ್ಡು ಹೋಗುವುದು ಆಧಾರ್‌ಗೆ ಜೋಡಿಸಿದ ಖಾತೆಗೆ. ಒಂದು ಆಧಾರ್‌ಗೆ ಇಂಥ ಖಾತೆ ಒಂದೇ. ನಿಮ್ಮ ಕೈಯಲ್ಲಿರುವ ಪಾಸ್‌ಬುಕ್ ಅದೇ ಆಗಿರಬೇಕೆಂದಿಲ್ಲ. ಅರ್ಜಿ ಹಾಕುವ ಮೊದಲೇ ಆಧಾರ್ ವೆಬ್‌ಸೈಟಿನಲ್ಲಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ನೋಡಿ. ಬೇರೆ ಬ್ಯಾಂಕಿನ ಹೆಸರು ಬಂದರೆ, ಈಗಿನ ಬ್ಯಾಂಕಿಗೆ ಹೋಗಿ ಡಿಬಿಟಿಗೆ (ಸರಕಾರದ ದುಡ್ಡು ನೇರ ಖಾತೆಗೆ ಬರುವುದಕ್ಕೆ) ಆಧಾರ್ ಜೋಡಿಸಿ ಅಂತ ಫಾರಂ ಕೊಡಿ. ಖಾತೆ ಮಗುವಿನ ಹೆಸರಲ್ಲೇ ಇರಲಿ, ಅಪ್ಪನದು ಬೇಡ.

ಹೆಸರೂ ಅಷ್ಟೇ. ಅಂಕಪಟ್ಟಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇದ್ದರೆ ಅರ್ಜಿ ಸಿಕ್ಕಿಹಾಕಿಕೊಳ್ಳುತ್ತದೆ. ರಜೆಯಲ್ಲೇ ಸರಿಮಾಡಿಸಿ.

ಎರಡನೇ ವರ್ಷ

ತಾನಾಗಿ ಬರುವುದಿಲ್ಲ. ಪ್ರತಿ ವರ್ಷ ರಿನ್ಯೂವಲ್ ಹಾಕಬೇಕು. ಪಿಎಂ-ಯುಎಸ್‌ಪಿಗೆ ಶೇ. 50 ಮಾರ್ಕು, ಶೇ. 75 ಹಾಜರಿ ಬೇಕು. ಮದುವೆ, ಕೋಲ, ಜಾತ್ರೆ ಅಂತ ವಾರಗಟ್ಟಲೆ ಊರಿಗೆ ಕರೆದುಕೊಂಡು ಹೋಗುವವರು ಹಾಜರಿಯನ್ನು ನೆನಪಿಟ್ಟುಕೊಳ್ಳಿ.

ಫಾರಂ ತುಂಬಲು ಕಷ್ಟವಾದರೆ ಸಂಘಕ್ಕೆ ಬನ್ನಿ, ಕೂತು ತುಂಬೋಣ. ಅಂಕಪಟ್ಟಿ, ಆಧಾರ್, ಪಾಸ್‌ಬುಕ್ ಮೂರನ್ನೂ ತನ್ನಿ. ಮಗುವನ್ನೂ ಕರೆದುಕೊಂಡು ಬನ್ನಿ, ಒಟಿಪಿ ಬರುವುದು ಅವರ ಫೋನಿಗೆ.