ಬಾಲ್ ಬರೋ ಮೊದಲು ಹಿಂದೆ ನೋಡು: ಕಾಲೇಜು ಕೋಚ್ ಆಗಿ ನನ್ನ ಅನುಭವ

ಬೆಂಗಳೂರಿನ ಸೂಪರ್ ಡಿವಿಜನ್ ಫುಟ್‌ಬಾಲ್ ಲೀಗ್‌ನಲ್ಲಿ ಏಳು ವರ್ಷ ಸಂಬಳಕ್ಕೆ ಆಡಿದೆ, ಮಿಡ್‌ಫೀಲ್ಡ್‌ನಲ್ಲಿ. ಮಂಡಿಯೊಳಗಿನ ಎಸಿಎಲ್ ಅನ್ನೋ ಲಿಗಮೆಂಟ್ (ಮೂಳೆಗಳನ್ನು ಹಿಡಿದಿಡೋ ಪಟ್ಟಿ) ಹರಿಯಿತು. ಮತ್ತೆ ಮೊದಲಿನಂತೆ ತಿರುಗಿ ಓಡೋಕೆ ಆಗಲಿಲ್ಲ. ಎಐಎಫ್‌ಎಫ್‌ನ (ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್) ಡಿ ಕೋಚಿಂಗ್ ಲೈಸೆನ್ಸ್ ಮಾಡಿಕೊಂಡು ಒಂದು ಡಿಗ್ರಿ ಕಾಲೇಜಿಗೆ ಕೋಚ್ ಆಗಿ ಸೇರಿದೆ.

ಮೊದಲ ವರ್ಷ ಬರೀ ಕೂಗಾಟ. 'ಬೇಗ ಬಿಡೋ ಬಾಲ್‌ನ!' ಅಂತ ಟಚ್‌ಲೈನ್‌ನಲ್ಲಿ ನಿಂತು ಗಂಟಲು ಹರಿದುಕೊಳ್ಳುತ್ತಿದ್ದೆ. ನನ್ನ ಕಾಲಿಗೆ ಗೊತ್ತಿದ್ದನ್ನು ಹುಡುಗರಿಗೆ ಬಿಡಿಸಿ ಹೇಳಲು ಬರುತ್ತಿರಲಿಲ್ಲ. ಒಂದು ಮ್ಯಾಚನ್ನು ಮೊಬೈಲ್‌ನಲ್ಲಿ ಹಿಡಿದು ರಾತ್ರಿ ಕೂತು ನೋಡಿದಾಗ ವಿಷಯ ಹೊಳೆಯಿತು. ನಮ್ಮ ಸೆಂಟರ್ ಹಾಫ್ ಹುಡುಗ ಬಾಲ್ ಕಳೆದುಕೊಂಡ ಪ್ರತಿ ಸಲವೂ ಕಣ್ಣು ಬಾಲ್ ಮೇಲೇ ಇತ್ತು, ಹಿಂದೆ ಯಾರು ಬರುತ್ತಿದ್ದಾರೆ ಅಂತ ಒಮ್ಮೆಯೂ ನೋಡಿರಲಿಲ್ಲ.

ಮಾರನೇ ದಿನ ಅವನನ್ನು ಮಧ್ಯೆ ನಿಲ್ಲಿಸಿದೆ. ಎದುರಿಂದ ಒಬ್ಬ ಪಾಸ್ ಕೊಡೋದು, ನಾನು ಅವನ ಬೆನ್ನ ಹಿಂದೆ ಹತ್ತು ಹೆಜ್ಜೆ ದೂರ ನಿಂತು ಬೆರಳು ಎತ್ತೋದು, ಬಾಲ್ ಕಾಲಿಗೆ ತಾಗುವ ಮೊದಲೇ ಅವನು ಹೆಗಲ ಮೇಲಿಂದ ನೋಡಿ 'ಮೂರು' 'ಒಂದು' ಅಂತ ಹೇಳಬೇಕು. ಆಮೇಲೆ ಮೈಯನ್ನು ಅರ್ಧ ತಿರುಗಿಸಿ ಬಾಲ್ ಬರೋ ಕಡೆಯಿಂದ ದೂರ ಇರೋ ಕಾಲಲ್ಲಿ ತಗೋಬೇಕು. ಮೊದಲ ವಾರ ಲೆಕ್ಕ ಸರಿ ಬಂದರೆ ಬಾಲ್ ಜಾರುತ್ತಿತ್ತು, ಬಾಲ್ ನಿಂತರೆ ಲೆಕ್ಕ ತಪ್ಪುತ್ತಿತ್ತು. ಬಿಡಲಿಲ್ಲ. ದಿನಾ ಹತ್ತೇ ನಿಮಿಷ, ಅದಕ್ಕಿಂತ ಜಾಸ್ತಿ ಬೇಡ.

ವಾರ್ಮ್‌ಅಪ್ ವಿಷಯದಲ್ಲಿ ಮಾತ್ರ ನಾನು ಹಠಮಾರಿ. ಗಾಯ ಆಗದಂತೆ ತಡೆಯೋಕೆ ಅಂತಲೇ ಇರೋ ಫಿಫಾ 11+ ವಾರ್ಮ್‌ಅಪ್ ಪೂರ್ತಿ 20 ನಿಮಿಷ, ಜೊತೆಗಾರ ಹಿಮ್ಮಡಿ ಹಿಡಿದುಕೊಂಡಿರುವಾಗ ಮಂಡಿಯೂರಿ ನಿಧಾನಕ್ಕೆ ಮುಂದೆ ಬಾಗೋ ನಾರ್ಡಿಕ್ ವ್ಯಾಯಾಮ ಕೂಡ. ನನ್ನ ಮಂಡಿಗೆ ಆದದ್ದು ಇವರಿಗೆ ಆಗಬಾರದು, ಅಷ್ಟೇ.

ಕಾಲೇಜಿನಲ್ಲಿ ಇಂಟರ್ನಲ್ಸ್ ಬಂತೆಂದರೆ ಹನ್ನೊಂದು ಜನ ಸೇರೋದೇ ಕಷ್ಟ, ಗೊತ್ತಲ್ವಾ. ಆದರೆ 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ನಂತರ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಿತಲ್ಲ, ಆ ವಾರ ಬೆಳಿಗ್ಗೆ ಆರಕ್ಕೆ ಎಲ್ಲರೂ ಗ್ರೌಂಡ್‌ನಲ್ಲಿದ್ದರು.

ಇಂಟರ್‌ಕಾಲೇಜಿಯೇಟ್ ಮ್ಯಾಚ್‌ನಲ್ಲಿ ಆ ಹುಡುಗ ಎರಡು ಸಲ ಹಿಂದೆ ನೋಡಿ, ಬಾಲ್ ತಗೊಂಡು, ಒಂದೇ ಟಚ್‌ನಲ್ಲಿ ತಿರುಗಿ ವಿಂಗ್‌ಗೆ ಕೊಟ್ಟ. ಗೋಲ್ ಆಗಲಿಲ್ಲ. ನಾನು ಕೂತಲ್ಲಿಂದ ಎದ್ದು ನಿಂತಿದ್ದೆ.

ಈ ವರ್ಷ ಜೂನಿಯರ್‌ಗಳಿಗೂ ಅದೇ ಡ್ರಿಲ್ ಶುರು ಮಾಡಿದ್ದೇವೆ. ಹಿಂದೆ ನಿಂತು ಬೆರಳು ಎತ್ತೋದು ಈಗ ಅವನೇ.