ಬೋನ್ಸಾಯ್ ಕುಂಡ ಬದಲಿಸೋದು: ಮಣ್ಣು ಆಷಾಢಕ್ಕೆ ತಕ್ಕಂತಿರಲಿ

ನನ್ನ ಮೊದಲ ಬೋನ್ಸಾಯ್ ಸತ್ತಿದ್ದು ನೀರಿಲ್ಲದೆ ಅಲ್ಲ, ನೀರು ಜಾಸ್ತಿಯಾಗಿ. ಒಂದು ಗೋಳಿ ಗಿಡ, ಆಲದ ಜಾತಿಯದು. ಪೇಟೆಯಿಂದ ತಂದ ರೆಡಿ ಮಿಕ್ಸ್ ಮಣ್ಣಿಗೆ ಹಾಕಿದ್ದೆ. ಕಪ್ಪಗೆ, ಹಗುರಾಗಿ, ನೋಡೋಕೆ ಚಂದ ಇತ್ತು. ಯುಗಾದಿಗೆ ಹೊಸ ಎಲೆ ಬಂತು, ನಾನೂ ಬೀಗಿದೆ. ಆಷಾಢ ಮುಗಿಯುವ ಹೊತ್ತಿಗೆ ಎಲೆ ಒಂದೊಂದೇ ಹಳದಿಯಾಗಿ ಉದುರತೊಡಗಿತು. ಶ್ರಾವಣದಲ್ಲಿ ಕಿತ್ತು ನೋಡಿದರೆ ಬೇರೆಲ್ಲ ಕಪ್ಪು. ಎರಡು ಬೆರಳಲ್ಲಿ ಹಿಡಿದು ಎಳೆದರೆ ಬೇರಿನ ಸಿಪ್ಪೆ ಮಾತ್ರ ಕೈಗೆ ಬಂತು, ಒಳಗಿನ ನಾರು ಅಲ್ಲೇ ಉಳಿಯಿತು. ಮೂಗಿಗೆ ಕೊಳೆತ ಕೆಸರಿನ ವಾಸನೆ.

ಆ ಮಿಕ್ಸ್‌ನಲ್ಲಿ ಮುಕ್ಕಾಲು ಪಾಲು ತೆಂಗಿನ ನಾರಿನ ಪುಡಿ, ಅಂದರೆ ಕೋಕೋಪೀಟ್. ಬಯಲುಸೀಮೆಗೆ ಅದು ಒಳ್ಳೆಯದೇ ಇರಬಹುದು. ಆದರೆ ನಮ್ಮ ಶಿರಸಿಯಲ್ಲಿ ವರ್ಷದ ಮಳೆ 2,000 ಮಿಲಿಮೀಟರ್ ದಾಟುತ್ತೆ, ಕೆಳಗೆ ಕಾರವಾರದಲ್ಲಿ 3,000ದ ಆಸುಪಾಸು, ಅದರಲ್ಲಿ ಹೆಚ್ಚಿನ ಪಾಲು ಬೀಳೋದು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬೇಸಿಗೆಯಲ್ಲಿ ಮಣ್ಣು ಬೇಗ ಒಣಗಿದರೆ ಇನ್ನೊಂದು ತಂಬಿಗೆ ನೀರು ಹಾಕಬಹುದು. ಆಷಾಢದಲ್ಲಿ ಕುಂಡದೊಳಗಿನ ನೀರು ಹೊರಗೆ ತೆಗೆಯೋಕೆ ಆಗುತ್ತಾ? ಹಾಗಾಗಿ ಮಣ್ಣು ಆರಿಸುವಾಗ ಕಣ್ಣ ಮುಂದೆ ಚೈತ್ರ ಅಲ್ಲ, ಆಷಾಢ ಇರಬೇಕು. ಅಡಿಕೆ ತೋಟ ಇದ್ದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬಸಿಗಾಲುವೆ ಮುಚ್ಚಿಹೋದ ತೋಟದ ಗತಿ ಏನಾಗುತ್ತೆ ಅಂತ ಅವರಿಗೆ ಗೊತ್ತು. ಬೋನ್ಸಾಯ್ ಕುಂಡ ಅಂದರೆ ಬಸಿಗಾಲುವೆ ತೋಡೋಕೆ ಜಾಗವೇ ಇಲ್ಲದ ತೋಟ.

ಇನ್ನೊಂದು ವಿಷಯ ಇದೆ, ಇದನ್ನು ಅಡುಗೆಮನೆಯಲ್ಲೇ ನೋಡಬಹುದು. ಪಾತ್ರೆ ಉಜ್ಜುವ ಸ್ಪಂಜನ್ನು ನೀರಲ್ಲಿ ಅದ್ದಿ, ಅಡ್ಡಕ್ಕೆ ಅಂಗೈ ಮೇಲೆ ಹಿಡಿಯಿರಿ. ಸ್ವಲ್ಪ ಸೋರಿ ನಿಲ್ಲುತ್ತೆ. ಈಗ ಅದನ್ನೇ ನೆಟ್ಟಗೆ ನಿಲ್ಲಿಸಿ, ಮತ್ತೆ ತೊಟ್ಟಿಕ್ಕೋಕೆ ಶುರು. ಸ್ಪಂಜು ಅದೇ, ಎತ್ತರ ಮಾತ್ರ ಬೇರೆ. ಕುಂಡದಲ್ಲೂ ಹೀಗೇ ಆಗುತ್ತೆ. ತಳದಲ್ಲಿ ಒಂದಷ್ಟು ಎತ್ತರದವರೆಗೆ ನೀರು ನಿಂತೇ ಇರುತ್ತೆ, ಮಣ್ಣು ನುಣ್ಣಗಿದ್ದಷ್ಟೂ ಆ ಎತ್ತರ ಜಾಸ್ತಿ. ಉದ್ದ ಕುಂಡದಲ್ಲಿ ಅದರ ಮೇಲೆ ಬೇರಿಗೆ ಬೇಕಾದಷ್ಟು ಜಾಗ ಉಳಿಯುತ್ತೆ. ಬೋನ್ಸಾಯಿಯ ಚಪ್ಪಟೆ ಟ್ರೇಯಲ್ಲಿ ಬೇರೆಲ್ಲ ಆ ನೀರಲ್ಲೇ ಕೂತಿರುತ್ತೆ. ತಳಕ್ಕೆ ದಪ್ಪ ಜಲ್ಲಿ ಹಾಕಿದರೆ ಸರಿಹೋಗುತ್ತೆ ಅಂತ ಎಲ್ಲರೂ ಹೇಳುತ್ತಾರೆ, ನಾನೂ ನಂಬಿದ್ದೆ. ಸರಿಹೋಗಲ್ಲ. ನಿಂತ ನೀರು ಜಲ್ಲಿಯ ಮೇಲಕ್ಕೆ ಏರಿ ಕೂರುತ್ತೆ ಅಷ್ಟೇ, ಬೇರಿಗೆ ಇದ್ದ ಜಾಗವೂ ಹೋಯಿತು. ಮೇಲಿಂದ ಕೆಳಗಿನವರೆಗೆ ಎಲ್ಲ ಮಣ್ಣೂ ಕಾಳು ಕಾಳಾಗಿರೋದೇ ಇದಕ್ಕೆ ಮದ್ದು.

ಕಾಳು ಎಷ್ಟು ದೊಡ್ಡದಿರಬೇಕು? ಸಾಸಿವೆಗಿಂತ ಸಣ್ಣದು ಬೇಡ, ಕಾಳುಮೆಣಸಿಗಿಂತ ದೊಡ್ಡದೂ ಬೇಡ. ಸುಮಾರು 2ರಿಂದ 5 ಮಿಲಿಮೀಟರ್. ಜಪಾನಿನವರು ಅಕಾಡಾಮಾ ಅಂತ ಒಂದು ಮಣ್ಣು ಬಳಸುತ್ತಾರೆ, ಜ್ವಾಲಾಮುಖಿ ಬೂದಿಯಿಂದ ಆದದ್ದು. ಅದರ ಗುಣ ಇಷ್ಟೇ: ಕಾಳಿನ ಒಳಗೆ ತೇವ ಇರುತ್ತೆ, ಕಾಳು ಕಾಳಿನ ನಡುವೆ ಗಾಳಿ ಇರುತ್ತೆ. ಇಲ್ಲಿ ಅದನ್ನು ತರಿಸೋದು ದುಡ್ಡಿಗೆ ದಂಡ. ಚೆನ್ನಾಗಿ ಸುಟ್ಟ ಇಟ್ಟಿಗೆಯ ಚೂರು ಬಹುಪಾಲು ಅದೇ ಕೆಲಸ ಮಾಡುತ್ತೆ.

ನಾನು ಮಾಡೋದು ಹೀಗೆ. ಇಟ್ಟಿಗೆ ಚೂರು, ಇಲ್ಲದಿದ್ದರೆ ಮಾಡು ರಿಪೇರಿ ಮಾಡಿದಾಗ ಒಡೆದು ಉಳಿದ ಮಂಗಳೂರು ಹಂಚು, ಗೋಣಿಚೀಲದಲ್ಲಿ ಸುತ್ತಿ ಸುತ್ತಿಗೆಯಲ್ಲಿ ಜಜ್ಜುತ್ತೇನೆ. ಮೊದಲು ಸ್ವಲ್ಪ ನೀರು ಚಿಮುಕಿಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಆ ಧೂಳು ಎದೆಗೆ ಒಳ್ಳೆಯದಲ್ಲ. ಒಣಗಿದ ಮೇಲೆ ಕಾಳುಮೆಣಸು ಹಿಡಿಯುವ ಜರಡಿಯಲ್ಲಿ ಒಂದು ಸಲ, ಕೆಳಗೆ ಬಿದ್ದದ್ದನ್ನು ರವೆ ಜರಡಿಯಲ್ಲಿ ಇನ್ನೊಂದು ಸಲ. ಅಂಗಳದಲ್ಲಿ ಮೂರು ರಾಶಿ ಆಗುತ್ತೆ. ದಪ್ಪದ್ದು ಮತ್ತೆ ಗೋಣಿಗೆ. ಪುಡಿ ತೆಂಗಿನ ಬುಡಕ್ಕೆ. ನಡುವಿನದು ನಮಗೆ. ಒಂದು ಬುಟ್ಟಿ ಜಜ್ಜಿದರೆ ಕಾಲು ಬುಟ್ಟಿ ಸಿಕ್ಕರೆ ಪುಣ್ಯ. ಬೇಜಾರಿನ ಕೆಲಸ, ಆದರೆ ಜರಡಿ ಹಿಡಿಯದೆ ಹಾಕಿದರೆ ಆ ಪುಡಿಯೆಲ್ಲ ಮೊದಲ ಮಳೆಗೇ ತಳಕ್ಕಿಳಿದು ಸಿಮೆಂಟಿನ ಹಾಗೆ ಕೂರುತ್ತೆ. ಹಂಚಿನಲ್ಲಿ ಒಂದು ತೊಂದರೆ ಇದೆ. ಅದು ಚಪ್ಪಟೆಯಾಗಿ ಒಡೆಯುತ್ತೆ, ಚೂರುಗಳು ತಟ್ಟೆ ಪೇರಿಸಿದ ಹಾಗೆ ಒಂದರ ಮೇಲೊಂದು ಮಲಗುತ್ತವೆ. ಇಟ್ಟಿಗೆ ಸಿಕ್ಕರೆ ಇಟ್ಟಿಗೆಯೇ ವಾಸಿ. ಸಿಮೆಂಟು, ಸುಣ್ಣದ ಗಾರೆ ಅಂಟಿದ ತುಂಡು ಮಾತ್ರ ಬೇಡವೇ ಬೇಡ, ಮಣ್ಣಿನ ಹುಳಿ ಗುಣ ಕೆಡಿಸುತ್ತೆ.

ಚಿರೆಕಲ್ಲಿನ, ಅಂದರೆ ಕೆಂಪು ಜಂಬಿಟ್ಟಿಗೆ ಕಲ್ಲಿನ ಚೂರು ಆಗಲ್ವಾ ಅಂತ ಕೇಳುತ್ತೀರಿ, ಊರೆಲ್ಲ ಅದೇ ಬಿದ್ದಿದೆ ಅಲ್ವಾ. ಕೆಲವು ಆಗುತ್ತೆ. ಒಂದು ಹಿಡಿ ಚೂರನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಬೆಳಗ್ಗೆ ಉಗುರಲ್ಲಿ ಒತ್ತಿ ನೋಡಿ. ಗಟ್ಟಿ ಇದ್ದರೆ ಬಳಸಿ. ಬೆರಳಿಗೆ ಕೆಂಪು ಕೆಸರು ಹತ್ತಿದರೆ ಆ ಕಲ್ಲು ಎರಡು ಮಳೆಗಾಲದಲ್ಲಿ ಕರಗಿ ಜೇಡಿ ಆಗುತ್ತೆ.

ಮರಳು ಹೊಳೆಯದ್ದೇ ಬೇಕು, ಅದರಲ್ಲೂ ದಪ್ಪನೆಯದು, ತೊಳೆದದ್ದು. ಮನೆ ಕಟ್ಟಿ ಉಳಿದದ್ದು ಒಂದು ಬುಟ್ಟಿ ಸಾಕು. ಕಡಲ ದಂಡೆಯ ಮರಳು ಬೇಡ, ಉಪ್ಪು ಇರುತ್ತೆ, ಚಿಪ್ಪಿನ ಚೂರೂ ಇರುತ್ತೆ. ಕಾಳಿ, ಗಂಗಾವಳಿ, ಅಘನಾಶಿನಿ ಹೊಳೆ ಸಮುದ್ರ ಸೇರುವ ಕಡೆಯ ಮರಳಿಗೂ ಭರತದ ನೀರು ಮುಟ್ಟಿರುತ್ತೆ, ಒಂದು ಚಿಟಿಕೆ ನಾಲಿಗೆಗೆ ಇಟ್ಟರೆ ಗೊತ್ತಾಗುತ್ತೆ. ಇದ್ದಿಲು ಬಚ್ಚಲ ಒಲೆಯದ್ದು ಆದೀತು, ಬೂದಿ ಹೋಗುವ ಹಾಗೆ ತೊಳೆದು ಹಾಕಿ. ಗೊಬ್ಬರಕ್ಕೆ ಬೆಟ್ಟದ ದರಕು (ಉದುರಿದ ಒಣ ಎಲೆ) ಒಂದು ವರ್ಷ ಕೊಳೆತು ಕಪ್ಪಾದದ್ದಕ್ಕಿಂತ ಒಳ್ಳೆಯದು ನಾನು ನೋಡಿಲ್ಲ. ಹಸಿ ಕೊಟ್ಟಿಗೆ ಗೊಬ್ಬರ ಮಾತ್ರ ಕತ್ತರಿಸಿದ ಬೇರಿಗೆ ವಿಷ ಅಂತಲೇ ಇಟ್ಟುಕೊಳ್ಳಿ.

ಅಳತೆ, ಯಾವುದಾದರೂ ಒಂದು ಡಬ್ಬಿಯಲ್ಲಿ: ಇಟ್ಟಿಗೆ ಚೂರು 5, ಮರಳು 3, ಇದ್ದಿಲು 1, ದರಕಿನ ಗೊಬ್ಬರ 1. ಇದು ಆಲ, ಅರಳಿ, ಗೋಳಿ, ಅತ್ತಿಗೆ. ಹುಣಸೆ, ಕಾಗದದ ಹೂವಿಗೆ ಮರಳು ಇನ್ನೊಂದು ಡಬ್ಬಿ ಹಾಕಿ. ಕಾರವಾರ, ಅಂಕೋಲಾ ಕಡೆಯವರು ಗೊಬ್ಬರ ಒಂದೂವರೆ ಮಾಡಿಕೊಳ್ಳಬಹುದು, ಯಾಕಂದರೆ ದೀಪಾವಳಿ ಆದ ಮೇಲೆ ಅಲ್ಲಿನ ಬಿಸಿಲು, ಕಡಲ ಗಾಳಿ ಎರಡೂ ಸೇರಿ ಟ್ರೇಯನ್ನು ಮಧ್ಯಾಹ್ನದೊಳಗೆ ಒಣಗಿಸುತ್ತವೆ. ಬೆರೆಸಿದ್ದನ್ನು ಕುಂಡಕ್ಕೆ ತುಂಬಿ ಒಂದು ಚೊಂಬು ನೀರು ಹಾಕಿ ನೋಡಿ. ಮೇಲೆ ನಿಲ್ಲದೆ ಇಳಿದು, ಹತ್ತು ಎಣಿಸುವುದರೊಳಗೆ ತಳದಿಂದ ಬಂದರೆ ಸರಿ. ನೀರು ಮೇಲೆಯೇ ಕನ್ನಡಿಯ ಹಾಗೆ ನಿಂತರೆ ಮತ್ತೆ ಜರಡಿ ತೆಗೆದುಕೊಳ್ಳಿ.

ಈಗ ಯಾವ ಕಾಲಕ್ಕೆ ಬದಲಿಸಬೇಕು ಅನ್ನೋದು. ಇದರಲ್ಲಿ ಜಾಸ್ತಿ ಜನ ಎಡವೋದು ಒಂದೇ ಕಡೆ. ಮಳೆ ಹಿಡಿದರೆ ನಮ್ಮಲ್ಲಿ ಏನು ನೆಟ್ಟರೂ ಬದುಕುತ್ತೆ, ಬೇಲಿ ಗೂಟವೂ ಚಿಗುರುತ್ತೆ, ಅದಕ್ಕೇ ಕುಂಡ ಬದಲಿಸೋದನ್ನೂ ಜುಲೈಗೆ ಇಟ್ಟುಕೊಳ್ಳುತ್ತಾರೆ. ನೆಲಕ್ಕೆ ನೆಡೋದು ಬೇರೆ, ಬೇರು ಕತ್ತರಿಸಿ ಮೂರು ಇಂಚಿನ ಟ್ರೇಗೆ ಕೂರಿಸೋದು ಬೇರೆ. ಗಾಯ ಮಾಯುವ ಮೊದಲೇ ಜಡಿಮಳೆ ಹಿಡಿದರೆ ಬೇರು ಕೊಳೆಯುತ್ತೆ. ಅಡಿಕೆಗೆ ಕೊಳೆ ತರುವ ಫೈಟಾಫ್ತೊರಾ ಜಾತಿಯವೇ ಕುಂಡದ ಬೇರಿಗೂ ಬರುತ್ತವೆ, ಅವಕ್ಕೆ ಬೇಕಾದದ್ದು ನಿಂತ ನೀರು. ಹಾಗಂತ ತೋಟಕ್ಕೆ ಮಾಡಿದ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಉಳಿದಿದೆ ಅಂತ ಕುಂಡಕ್ಕೆ ಸುರಿಯಬೇಡಿ.

ಘಟ್ಟದ ಮೇಲೆ, ಅಂದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ, ಫೆಬ್ರವರಿ ಕೊನೆಯಿಂದ ಮಾರ್ಚ್ ಪೂರ್ತಿ ಒಳ್ಳೆಯ ಕಾಲ. ಚಳಿ ಹೋಗಿರುತ್ತೆ, ಮರ ಏಳುತ್ತಿರುತ್ತೆ. ಕ್ಯಾಲೆಂಡರ್‌ಗಿಂತ ಮೊಗ್ಗು ನೋಡಿ. ಅರಳಿಯ ಎಲೆ ಉದುರಿ, ಕೊಂಬೆ ತುದಿಯ ಮೊಗ್ಗು ಸೂಜಿಯ ಹಾಗೆ ಚೂಪಾಗಿ ಉಬ್ಬಿದೆ, ಇನ್ನೂ ಬಿಚ್ಚಿಲ್ಲ, ಆ ವಾರ ಬದಲಿಸಿ. ತಾಮ್ರದ ಬಣ್ಣದ ಎಳೆ ಎಲೆ ಹೊರಗೆ ಬಂದಾಗಿದ್ದರೆ ಅದು ಗಟ್ಟಿ ಹಸಿರಾಗುವವರೆಗೆ ಸುಮ್ನೆ ಕಾಯಿರಿ. ನನಗೆ ಒಂದು ಸುಲಭದ ಲೆಕ್ಕ ಇದೆ: ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಫೆಬ್ರವರಿ-ಮಾರ್ಚ್‌ನಲ್ಲೇ. ಆಲ, ಅರಳಿಯ ಎಳೆ ಗಿಡಗಳಿಗೂ ಎರಡು ವರ್ಷಕ್ಕೊಮ್ಮೆ ಕುಂಡ ಬದಲಿಸಬೇಕು. ಜಾತ್ರೆ ಮುಗಿದ ವಾರ ನಾನು ಕತ್ತರಿ ಹಿಡಿಯುತ್ತೇನೆ, ಮರೆಯೋ ಪ್ರಶ್ನೆಯೇ ಇಲ್ಲ. ಹಳೇ ಮರಕ್ಕೆ ಒಂದು ಜಾತ್ರೆ ಬಿಟ್ಟು ಒಂದು ಜಾತ್ರೆ.

ಅಕ್ಕನ ಮನೆ ಕಾರವಾರದ ಹತ್ತಿರ ಸದಾಶಿವಗಡದಲ್ಲಿ, ಅಲ್ಲಿ ಈ ಲೆಕ್ಕ ನಡೆಯಲ್ಲ. ಮೊನ್ನೆ ಏಪ್ರಿಲ್‌ನಲ್ಲಿ ಫೋನು ಮಾಡಿ, “ತಮ್ಮಾ, ಕುಂಡದ ಅಂಚಿಗೆಲ್ಲ ಬಿಳೀ ಪೊರೆ ಕಟ್ಟಿದೆ, ಸುಣ್ಣ ಬಳಿದಂಗೆ” ಅಂದಳು. ಬಾವಿ ನೀರು ಬೇಸಿಗೆಯಲ್ಲಿ ಸವಳಾಗುತ್ತೆ, ಆ ಉಪ್ಪು. ಗಾಯದ ಬೇರಿಗೆ ಉಪ್ಪು ನೀರು ಕುಡಿಸಬಾರದು. ಅದಕ್ಕೇ ದಂಡೆಯ ಊರುಗಳಲ್ಲಿ ಆಲ, ಗೋಳಿ ಇದ್ದವರು ಫೆಬ್ರವರಿಯಲ್ಲೇ, ನೀರು ಸಿಹಿ ಇರುವಾಗ ಮುಗಿಸಿ. ಆಗಲಿಲ್ಲವಾ, ಮೇ ತಿಂಗಳ ಗುಡುಗಿನ ಮಳೆ ಎರಡು ಬಿದ್ದ ಮೇಲೆ ಮಾಡಿ, ಆದರೆ ಮುಂದಿನ ಒಂದು ತಿಂಗಳು ಕುಂಡ ಮಾಡಿನ ಕೆಳಗೇ ಇರಬೇಕು. ಅದೂ ತಪ್ಪಿದರೆ ನವರಾತ್ರಿ ಮುಗಿದ ಮೇಲೆ. ಘಟ್ಟದ ಮೇಲಿನವರು ಆಗ ಬೇರು ಮುಟ್ಟಬೇಡಿ, ಮುಂದೆ ಚಳಿ ಬರುತ್ತೆ, ಗೋಳಿ ಜಾತಿ ಚಳಿಯಲ್ಲಿ ಬೇರು ಬಿಡೋದು ನಿಧಾನ.

ಗಾಳಿಮರ ಬೇರೆಯದೇ ಕತೆ. ಅದರ ಬೇರಿನಲ್ಲಿ ಸಣ್ಣ ಸಣ್ಣ ಗಂಟು ಇರುತ್ತವೆ, ರೋಗ ಅಂದುಕೊಂಡು ಕೀಳಬೇಡಿ. ಅದರೊಳಗೆ ಫ್ರಾಂಕಿಯಾ ಅನ್ನುವ ಸೂಕ್ಷ್ಮಜೀವಿ ಗಾಳಿಯ ಸಾರಜನಕ ಹಿಡಿದು ಮರಕ್ಕೆ ಕೊಡುತ್ತೆ. ಹಳೇ ಮಣ್ಣು ಪೂರ್ತಿ ತೊಳೆಯದೆ ಒಂದೆರಡು ಹಿಡಿ ಹೊಸದಕ್ಕೆ ಬೆರೆಸಿ. ಇದನ್ನು ಜೂನ್ ಮೊದಲ ವಾರದ ಜಿಟಿಜಿಟಿ ಮಳೆಯಲ್ಲಿ ಬದಲಿಸಿದರೂ ತಡೆಯುತ್ತೆ. ಕಾಗದದ ಹೂವಿನ ಬೇರು ಬಲು ನಾಜೂಕು, ಹೂ ಮುಗಿದ ಮೇಲೆ, ಮಣ್ಣಿನ ಮುದ್ದೆಯ ನಡುವಿನ ಭಾಗ ಅಲುಗಿಸದೆ ಅಂಚು ಮಾತ್ರ ಸವರಿ.

ಬದಲಿಸುವ ಹೊತ್ತು ಬಂತಾ ಅಂತ ನೋಡೋಕೆ ಬಿದಿರಿನ ಕಡ್ಡಿ ಚುಚ್ಚಿ. ಇಳಿಯದಿದ್ದರೆ, ನೀರು ಮೇಲೇ ನಿಲ್ಲುತ್ತಿದ್ದರೆ, ಬೇರು ಮರವನ್ನೇ ಮೇಲೆತ್ತಿದ್ದರೆ ಬಂತು ಅಂತ ಅರ್ಥ. ಹಿಂದಿನ ದಿನ ನೀರು ಹಾಕಬೇಡಿ, ಸ್ವಲ್ಪ ಒಣಗಿದ ಮುದ್ದೆ ಬಿಡಿಸೋದು ಸುಲಭ. ಕಡ್ಡಿಯಲ್ಲಿ ಅಂಚಿನಿಂದ ಒಳಕ್ಕೆ, ತಲೆಗೂದಲ ಸಿಕ್ಕು ಬಿಡಿಸುವ ಹಾಗೆ ಬಿಡಿಸಿ. ಗೋಳಿ ಜಾತಿಗೆ ಮೂರರಲ್ಲಿ ಒಂದು ಪಾಲು ಬೇರು ತೆಗೆಯಬಹುದು, ಉಳಿದವಕ್ಕೆ ಕಾಲು ಪಾಲು ಸಾಕು. ಕೆಳಕ್ಕೆ ಇಳಿದ ದಪ್ಪ ಬೇರು ಮೊದಲು ಹೋಗಲಿ, ಸುತ್ತ ಹರಡಿದ ಸಣ್ಣ ಬೇರು ಉಳಿಯಲಿ. ಬಿಡಿಸಿದ ಬೇರು ಗಾಳಿಗೆ ಒಣಗಬಾರದು, ಪಕ್ಕದಲ್ಲಿ ಒದ್ದೆ ಗೋಣಿ ಇಟ್ಟುಕೊಳ್ಳಿ. ಇದೊಂದು ಮರೆತು ನಾನು ಚಹಾ ಕುಡಿಯೋಕೆ ಹೋಗಿ ಒಂದು ಅತ್ತಿ ಕಳೆದುಕೊಂಡಿದ್ದೇನೆ.

ತೂತಿಗೆ ಸೊಳ್ಳೆ ಬಲೆಯ ತುಂಡು, ತೂತಿನಿಂದ ಮೇಲಕ್ಕೆ ಎಳೆದ ಅಲ್ಯೂಮಿನಿಯಂ ತಂತಿಯಲ್ಲಿ ಮರವನ್ನು ಬಿಗಿಯಾಗಿ ಕಟ್ಟಿ. ಇದನ್ನು ಬಿಡಬೇಡಿ, ಗಾಳಿಗೆ ಮರ ಅಲುಗಾಡಿದರೆ ಹೊಸ ಬೇರಿನ ತುದಿ ಮುರಿಯುತ್ತೆ. ಮಣ್ಣನ್ನು ಹೆಬ್ಬೆರಳಲ್ಲಿ ಒತ್ತದೆ ಕಡ್ಡಿಯಲ್ಲಿ ಕುಕ್ಕಿ ಕುಕ್ಕಿ ಇಳಿಸಿ. ಆಮೇಲೆ ನೀರು: ಮೊದಲು ಕೆಂಪಗೆ ಬರುತ್ತೆ, ತಿಳಿಯಾಗಿ ಬರುವವರೆಗೆ ಹಾಕುತ್ತಾ ಇರಿ. ಎರಡು ಮೂರು ವಾರ ಅಡಿಕೆ ಒಣಗಿಸುವ ಅಟ್ಟದ ಕೆಳಗೋ, ಸೋಗೆ ಚಪ್ಪರದ ಕೆಳಗೋ ಇಡಿ. ಮೇಲಿಂದ ಗೊಬ್ಬರ ಹಾಕೋದು ಒಂದು ತಿಂಗಳು ಬೇಡ. ಮಳೆಗಾಲದಲ್ಲಿ ಕುಂಡದ ಒಂದು ಬದಿಗೆ ಕಲ್ಲು ಕೊಟ್ಟು ವಾರೆ ಮಾಡಿ, ಸ್ಪಂಜಿನ ನೆನಪಿದೆಯಲ್ಲ, ನಿಂತ ನೀರು ಇಳಿದುಹೋಗುತ್ತೆ. ಸೂರಿನ ನೀರು ಬೀಳುವ ಸಾಲಲ್ಲಿ ಮಾತ್ರ ಇಡಬೇಡಿ, ಒಂದೇ ರಾತ್ರಿಗೆ ಮಣ್ಣೆಲ್ಲ ಕೊರೆದು ಬೇರು ಹೊರಗೆ.

ಕಾಂಡದಲ್ಲೇ ನೀರು ಹಿಡಿದಿಡುವ ಅಡೇನಿಯಂ, ಜೇಡ್ ಗಿಡಕ್ಕೆ ಇದರಲ್ಲಿ ಒಂದು ಉಲ್ಟಾ: ಮಾರ್ಚ್-ಏಪ್ರಿಲ್ ಬಿಸಿಲಲ್ಲೇ ಬದಲಿಸಿ, ಗೊಬ್ಬರ ಬಿಟ್ಟು ಬರೀ ಚೂರು, ಮರಳಿಗೆ ಹಾಕಿ, ನಾಲ್ಕೈದು ದಿನ ನೀರೇ ಕೊಡಬೇಡಿ. ಕೊನೆಗೆ ಕುಂಡದ ತಳಕ್ಕೆ ತಾರೀಕು ಬರೆದಿಡಿ, ಪೆನ್ಸಿಲ್‌ನಲ್ಲೇ. ಮಾರ್ಕರ್ ಶಾಯಿ ನಮ್ಮ ಒಂದು ಮಳೆಗಾಲಕ್ಕೂ ನಿಲ್ಲಲಿಲ್ಲ.