ಹೈಬ್ರಿಡ್ ಆಂಪ್‌ನ ಸಪ್ಪೆ ಬಿಡಿಸಿದ 0.22 ಓಮ್ ರೆಸಿಸ್ಟರ್

ಹೈಬ್ರಿಡ್ ಅಂದರೆ ಮುಂದಿನ ಪ್ರಿಆಂಪ್‌ನಲ್ಲಿ ವಾಲ್ವ್ (ಹಳೇ ಕಾಲದ ಗಾಜಿನ ಬುರುಡೆ), ಸ್ಪೀಕರ್ ಓಡಿಸುವ ಪವರ್ ಆಂಪ್‌ನಲ್ಲಿ ಐಸಿ ಇರುವ ಗಿಟಾರ್ ಆಂಪ್. ಅದು ಅತ್ತ ಮನೆಯೂ ಇಲ್ಲ, ಇತ್ತ ಮಠವೂ ಇಲ್ಲ ಅಂತ ಗಿಟಾರ್ ನುಡಿಸುವವರಿಂದ ಹಿಡಿದು ರಿಪೇರಿಯವರ ತನಕ ಎಲ್ಲರೂ ಹೇಳಿದ್ದೇ. ನಾನು ಕಟ್ಟಿದ್ದು ಮೂರನೇ ಸಲಕ್ಕೆ ಸರಿಹೋಯಿತು. ಈಗ ಅದೇ ಡಬ್ಬ ಗಣೇಶೋತ್ಸವದ ಆರ್ಕೆಸ್ಟ್ರಾಗಳಿಗೆ ಬಾಡಿಗೆಗೆ ಹೋಗುತ್ತದೆ. ಸಪ್ಪೆ ಅಂತ ಯಾರೂ ವಾಪಸ್ ತಂದಿಲ್ಲ.

ಮೊದಲು ದುಡ್ಡಿನ ಮಾತು. ಎರಡು ಇಎಲ್84 ಪವರ್ ವಾಲ್ವ್ ಹಾಕಿದ 15 ವಾಟಿನ ಪೂರ್ತಿ ವಾಲ್ವ್ ಆಂಪ್ ಸ್ಪೀಕರ್ ಬಿಟ್ಟು 25 ಸಾವಿರದ ಹತ್ತಿರ ಹೋಗುತ್ತದೆ. ಅದರಲ್ಲಿ ದೊಡ್ಡ ಪಾಲು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿಗೇ. ಪೂರ್ತಿ ಟ್ರಾನ್ಸಿಸ್ಟರ್ ಆದರೆ 4 ಸಾವಿರದಲ್ಲಿ ಮುಗಿಯುತ್ತದೆ. ನನ್ನ ಹೈಬ್ರಿಡ್‌ಗೆ ಬಿದ್ದದ್ದು ಎಂಟೂವರೆ, ಸುಟ್ಟ ಐಸಿಗಳ ಲೆಕ್ಕ ಬಿಟ್ಟು. ಕ್ಲೀನ್ ಟೋನ್ ಒಂದೇ ಸಾಕು ಅನ್ನುವವರು ಟ್ರಾನ್ಸಿಸ್ಟರ್ ತಗೊಂಡು ನೆಮ್ಮದಿಯಾಗಿರಿ. ರೋಲ್ಯಾಂಡ್ ಜೆಸಿ-120 ಒಂದು ವಾಲ್ವೂ ಇಲ್ಲದೆ 1975ರಿಂದ ಮೆರೆಯುತ್ತಿದೆ. ತಕರಾರು ಶುರುವಾಗುವುದು ಸದ್ದು ಒಡೆಯಬೇಕಾದ ಕಡೆ.

ಮೊದಲ ಸಲ ಮಾಡಿದ ತಪ್ಪು ದುಡ್ಡು ಉಳಿಸಲು ಹೋಗಿದ್ದು. ಪವರ್ ಆಂಪ್‌ಗೆ ಇದ್ದ 33 ವೋಲ್ಟನ್ನೇ ಪ್ರಿಆಂಪ್ ವಾಲ್ವ್ 12ಎಎಕ್ಸ್7ರ ಪ್ಲೇಟಿಗೂ (ಹೈವೋಲ್ಟೇಜ್ ಬೇಡುವ ತುದಿಗೂ) ಕೊಟ್ಟೆ. ಅಗ್ಗದ ಹೈಬ್ರಿಡ್‌ಗಳಲ್ಲಿ ಹಿಂದೆ ಎಲ್‌ಇಡಿ ಹಚ್ಚಿ ಕೆಂಪಗೆ ತೋರಿಸುವ ವಾಲ್ವ್‌ಗಳ ಕಥೆಯೂ ಸಾಮಾನ್ಯವಾಗಿ ಇದೇ. ಹಸಿದ ವಾಲ್ವ್ ಮೆಲ್ಲಗೆ ನುಡಿಸಿದರೂ ಗೊರಗೊರ ಅನ್ನುತ್ತದೆ. ಅದು ಫಜ್ (ಒರಟು ಒಡಕು), ಓವರ್‌ಡ್ರೈವ್ (ಮೆತ್ತಗಿನ ಒಡಕು) ಅಲ್ಲ.

ಎರಡನೇ ಸಲ ಎರಡು ಟ್ರಾನ್ಸ್‌ಫಾರ್ಮರ್ ಬೆನ್ನಿಗೆ ಬೆನ್ನು ಹಾಕಿದೆ. 12 ವೋಲ್ಟ್ 2 ಆಂಪಿಯರ್‌ದು ಒಂದು, ಅದರ ಔಟ್‌ಪುಟ್ಟಿಗೆ 12 ವೋಲ್ಟ್ 500 ಮಿಲಿ ಆಂಪಿಯರ್‌ದು ತಿರುಗಾಮುರುಗಾ. 230 ಬರುತ್ತದೆ ಅಂದುಕೊಳ್ಳಬೇಡಿ. ನಷ್ಟ ಕಳೆದು 180ರ ಆಸುಪಾಸು ಬರುತ್ತದೆ, ರೆಕ್ಟಿಫೈ ಆದ ಮೇಲೆ 240 ಡಿಸಿ. ಅಷ್ಟು ಧಾರಾಳ. ಪ್ಲೇಟಿಗೆ 100 ಕೆ (ಕಿಲೋ ಓಮ್) ರೆಸಿಸ್ಟರ್, ಕ್ಯಾಥೋಡಿಗೆ 1.5 ಕೆ ಮತ್ತು 22 ಮೈಕ್ರೊ (ಫ್ಯಾರಡ್) ಕೆಪಾಸಿಟರ್, ಪ್ಲೇಟಿನಲ್ಲಿ 150-160 ವೋಲ್ಟ್ ಕಂಡರೆ ಸರಿ. ಫಿಲ್ಟರ್ ಕೆಪಾಸಿಟರಿಗೆ 220 ಕೆ ಬ್ಲೀಡರ್ (ಆಫ್ ಆದ ಮೇಲೆ ಚಾರ್ಜ್ ಇಳಿಸುವ ರೆಸಿಸ್ಟರ್) ಕಡ್ಡಾಯ. ವಾಲ್ವನ್ನು ಕಾಯಿಸುವ ಹೀಟರಿಗೆ ಅದೇ 12 ವೋಲ್ಟಿನಿಂದ ಬ್ರಿಜ್, 2200 ಮೈಕ್ರೊ, 7812 ರೆಗ್ಯುಲೇಟರ್ (12 ವೋಲ್ಟಿಗೆ ಹಿಡಿದಿಡುವ ಐಸಿ). ವೋಲ್ಟೇಜ್ ಬೀಳುವ ಊರುಗಳಲ್ಲಿ 7812 ಕೈಕೊಟ್ಟು ಹಮ್ ಶುರುವಾಗುತ್ತದೆ. ಅಲ್ಲಿಗೆ ಎಲ್‌ಎಂ2940 ರೆಗ್ಯುಲೇಟರ್ ಹಾಕಿ, ಔಟ್‌ಪುಟ್ಟಿನಲ್ಲಿ 22 ಮೈಕ್ರೊ ಮರೆಯಬೇಡಿ, ಇಲ್ಲದಿದ್ದರೆ ಅದು ಆಸಿಲೇಟ್ ಆಗುತ್ತದೆ.

ಪ್ರಿಆಂಪ್ ಹೆಡ್‌ಫೋನಿನಲ್ಲಿ ಚೆನ್ನಾಗಿತ್ತು. 12 ಇಂಚಿನ ಸ್ಪೀಕರಿಗೆ ಪವರ್ ಆಂಪ್ ಐಸಿ ಎಲ್‌ಎಂ3886ರಿಂದ ಕೊಟ್ಟರೆ ಸದ್ದು ಸಪ್ಪೆ. ಬ್ರ್ಯಾಂಡ್ ಬದಲಿಸಿ ಮೂರು 12ಎಎಕ್ಸ್7 ಕೊಂಡೆ, ಐದಾರು ಸಾವಿರ ನೀರಿಗೆ ಹಾಕಿದ ಹಾಗೆ.

ದೋಷ ವಾಲ್ವಿನಲ್ಲಿ ಇರಲಿಲ್ಲ. 8 ಓಮ್ ಸ್ಪೀಕರ್ 8 ಓಮ್ ಆಗಿರುವುದು ನಡುವಿನ ಸ್ವಲ್ಪ ಜಾಗದಲ್ಲಿ ಮಾತ್ರ. ಸ್ಪೀಕರ್ ತಾನೇ ಕುಣಿಯುವ 75-100 ಹರ್ಟ್ಸ್‌ನ ರೆಸೊನೆನ್ಸಿನಲ್ಲಿ ಇಂಪೀಡೆನ್ಸ್ (ಏಸಿಗೆ ಒಡ್ಡುವ ತಡೆ) ಹಲವು ಪಟ್ಟು ಏರುತ್ತದೆ, ಮೇಲಿನ ಫ್ರೀಕ್ವೆನ್ಸಿಗಳಲ್ಲೂ ಏರುತ್ತಾ ಹೋಗುತ್ತದೆ. ವಾಲ್ವ್ ಆಂಪ್‌ನ ಔಟ್‌ಪುಟ್ ಇಂಪೀಡೆನ್ಸ್ ಜಾಸ್ತಿ, ಹಾಗಾಗಿ ಆ ಎರಡೂ ಕಡೆ ವೋಲ್ಟೇಜ್ ಉಬ್ಬುತ್ತದೆ. ಐಸಿ ಮಾತ್ರ ಸ್ಪೀಕರಿನ ಕತ್ತು ಹಿಡಿದು ಕೂರಿಸುತ್ತದೆ.

ಮದ್ದು ಕರೆಂಟ್ ಫೀಡ್‌ಬ್ಯಾಕ್, ಅಂದರೆ ಸ್ಪೀಕರಿನಲ್ಲಿ ಹರಿಯುವ ಕರೆಂಟನ್ನು ಐಸಿಗೆ ವಾಪಸ್ ತೋರಿಸುವುದು. ನಾನು ಕಂಡುಹಿಡಿದದ್ದೇನಲ್ಲ, ಮಾರ್ಷಲ್‌ನವರ ವಾಲ್ವ್‌ಸ್ಟೇಟ್ ಹೈಬ್ರಿಡ್ ಆಂಪ್‌ಗಳಲ್ಲೂ ಇದೆ. ಸ್ಪೀಕರಿನ ಮೈನಸ್ ತಂತಿಯನ್ನು ನೇರ ಗ್ರೌಂಡಿಗೆ ಹಾಕದೆ 0.22 ಓಮ್ 5 ವಾಟ್ ರೆಸಿಸ್ಟರ್ ಮೂಲಕ ಹಾಕಬೇಕು. ಐಸಿಯ ಇನ್ವರ್ಟಿಂಗ್ (ಮೈನಸ್ ಇನ್‌ಪುಟ್) ಪಿನ್ನಿನಿಂದ ಗ್ರೌಂಡಿಗೆ ಹೋಗುತ್ತಿದ್ದ 1 ಕೆ ಮತ್ತು 22 ಮೈಕ್ರೊವನ್ನು ಆ ರೆಸಿಸ್ಟರಿನ ಸ್ಪೀಕರ್ ಕಡೆಯ ತುದಿಗೆ ತರಬೇಕು. ಫೀಡ್‌ಬ್ಯಾಕ್ ರೆಸಿಸ್ಟರ್ 20 ಕೆ ಆದರೆ ಗೇನ್ (ಎಷ್ಟು ಪಟ್ಟು ಹಿಗ್ಗಿಸುತ್ತದೆ ಅನ್ನುವುದು) 21, ಔಟ್‌ಪುಟ್ ಇಂಪೀಡೆನ್ಸ್ 21 ಗುಣಿಸು 0.22, ಅಂದರೆ ಸುಮಾರು 4.6 ಓಮ್. 0.1 ಓಮ್ ಹಾಕಿದರೆ ವ್ಯತ್ಯಾಸ ಕಿವಿಗೆ ಬೀಳುವುದೇ ಕಷ್ಟ. 0.47ಕ್ಕೆ ಬಾಸ್ ಗುಮ್ ಗುಮ್ ಅಂತ ಅಂಕೆ ತಪ್ಪಿತು, ಹಿಂಬದಿ ಮುಚ್ಚಿದ ಕ್ಯಾಬಿನೆಟ್ಟಿನಲ್ಲಿ ಇನ್ನೂ ಕೆಟ್ಟದಾಗಿ. ಸದ್ದು ಸ್ವಲ್ಪ ಇಳಿಯುತ್ತದೆ, ಅದನ್ನು ಪ್ರಿಆಂಪ್‌ನಲ್ಲಿ ತುಂಬಿಕೊಳ್ಳಿ. 20 ಕೆ ಏರಿಸಲು ಹೋದರೆ ಇಂಪೀಡೆನ್ಸೂ ಜೊತೆಗೆ ಏರುತ್ತದೆ.

ಇಷ್ಟೆಲ್ಲ ಮಾಡಿಯೂ ಎರಡು ದಿನ ಏನೂ ಬದಲಾಗಲಿಲ್ಲ. ಸ್ಪೀಕರ್ ಜ್ಯಾಕ್ ಲೋಹದ್ದು, ಅದರ ಕೊರಳು ಷಾಸಿಗೆ ತಾಗಿ 0.22 ಓಮ್ ಶಾರ್ಟ್ ಆಗಿತ್ತು. ಆಂಪ್ ಏನೂ ಆಗದವರ ಹಾಗೆ ಹಳೇ ಸದ್ದಿನಲ್ಲೇ ಓಡುತ್ತಿತ್ತು. 40 ರೂಪಾಯಿಯ ಪ್ಲಾಸ್ಟಿಕ್ ಜ್ಯಾಕ್ ಹಾಕಿದ್ದೇ ತಡ, ಸದ್ದು ಸ್ಪೀಕರಿನಿಂದ ಎದ್ದು ಬಂತು. ಪವರ್ ಆಫ್ ಮಾಡಿ, ಸ್ಪೀಕರ್ ಬಿಚ್ಚಿ, ಜ್ಯಾಕಿನ ಮೈನಸ್ಸಿಗೂ ಷಾಸಿಗೂ ಮೀಟರ್ ಹಿಡಿಯಿರಿ. ಬರೀ ಲೀಡಿನ ರೀಡಿಂಗ್ ಕಳೆದರೆ 0.2 ಉಳಿಯಬೇಕು.

ನನ್ನ ಕೈಯಲ್ಲಿ ಎಲ್‌ಎಂ3886 ಸತ್ತ ಬಗೆಗಳು: ಹೆಸರಿನ ಕೊನೆಗೆ ಬರೀ ‘ಟಿ’ ಇರುವುದರ ಲೋಹದ ಬೆನ್ನು ಮೈನಸ್ ಸಪ್ಲೈಗೆ ಸೇರಿರುತ್ತದೆ, ಮೈಕಾ ಹಾಕದೆ ಹೀಟ್‌ಸಿಂಕಿಗೆ ಬಿಗಿದರೆ ಫ್ಯೂಸ್ ಡಬ್. ‘ಟಿಎಫ್’ ಆದರೆ ಆ ಗೋಳಿಲ್ಲ. ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಎರಡು ಡೂಪ್ಲಿಕೇಟ್ ಸಿಕ್ಕಿದ್ದವು, ಅರ್ಧ ವಾಲ್ಯೂಮಿಗೇ ಹೋದವು. ಏನೂ ಸದ್ದೇ ಬರದಿದ್ದರೆ ಐಸಿ ಸತ್ತಿದೆ ಅಂತ ಕೀಳಬೇಡಿ. 8ನೇ ಪಿನ್ನಿನಿಂದ ಅರ್ಧ ಮಿಲಿ ಆಂಪಿಯರಾದರೂ ಮೈನಸ್ ಕಡೆಗೆ ಎಳೆಯದಿದ್ದರೆ ಅದು ಮ್ಯೂಟ್‌ನಲ್ಲೇ ಕೂತಿರುತ್ತದೆ. 24-0-24 ವೋಲ್ಟ್ ಟ್ರಾನ್ಸ್‌ಫಾರ್ಮರಿಗೆ 8 ಓಮ್ ಸ್ಪೀಕರ್ ಮಾತ್ರ. 4 ಓಮ್ ಕ್ಯಾಬಿನೆಟ್ ಕೊಟ್ಟರೆ ಒಳಗಿನ ಪ್ರೊಟೆಕ್ಷನ್ ಚಟಪಟ ಅಂತ ಕಡಿಯುತ್ತದೆ, ಅದಕ್ಕೆ 18-0-18 ಬೇಕು.

ನಡುವೆ ಒಂದು ಅಡ್ಡದಾರಿ. ಗುಜರಿಯ ರೇಡಿಯೊಗ್ರಾಂನಿಂದ ಜಾಲಹಳ್ಳಿಯ ಬಿಇಎಲ್ ಮಾಡುತ್ತಿದ್ದ ಇಎಲ್84 ಒಂದು, ಅದರದೇ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸಮೇತ ಸಿಕ್ಕಿತು. (ಅಂಗಡಿಯಲ್ಲಿ ‘ವಾಲ್ವ್’ ಅಂತಲೇ ಕೇಳಿ. ಟ್ಯೂಬ್ ಅಂದರೆ ಟ್ಯೂಬ್‌ಲೈಟ್ ಅಂಗಡಿ ತೋರಿಸುತ್ತಾರೆ.) ಸಿಂಗಲ್ ಎಂಡೆಡ್ (ಒಂದೇ ಪವರ್ ವಾಲ್ವ್), 4-5 ವಾಟ್. ಕೋಣೆಯಲ್ಲಿ ಅದರ ಮುಂದೆ ನನ್ನ ಹೈಬ್ರಿಡ್ ಏನೂ ಅಲ್ಲ, ಒಪ್ಪುತ್ತೇನೆ. ಡ್ರಮ್ಸ್ ಶುರುವಾದರೆ ಅದು ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ.

ಪ್ರಿಆಂಪಿಗೂ ಪವರ್ ಆಂಪಿಗೂ ನಡುವೆ ಎರಡು ಎಲ್‌ಇಡಿ, ಒಂದು ಕೆಪಾಸಿಟರ್ ಸೇರಿಸಿದ್ದೇನೆ. ಐಸಿ ಕ್ಲಿಪ್ ಆಗುವ (ಮಿತಿ ಮುಟ್ಟಿ ಸದ್ದಿನ ತುದಿ ಕತ್ತರಿಸುವ) ಮುಂಚೆಯೇ ಸದ್ದು ಮೆತ್ತಗೆ ಮಡಚಿಕೊಳ್ಳುವುದು ಅದರಿಂದ. ಎಲ್ಲಿ, ಎಷ್ಟು ಅಂತ ಬರೆಯುವುದಿಲ್ಲ, ಬಾಡಿಗೆ ನಡೆಯಬೇಕಲ್ಲ. ಮುಂದಿನ ಡಬ್ಬಕ್ಕೆ ಟಿಡಿಎ7293 ಅನ್ನುವ ಇನ್ನೊಂದು ಪವರ್ ಆಂಪ್ ಐಸಿ ತಂದಿಟ್ಟಿದ್ದೇನೆ, ಟ್ರಾನ್ಸ್‌ಫಾರ್ಮರ್ ಇನ್ನೂ ಸುತ್ತಿ ಬಂದಿಲ್ಲ.